ಚಾಚಾ ಅವರ ಮಂಡಿ ನೋವು

ಕಾರಿನ ಸೀಟುಗಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಕಳೆದ ಆ ಮನುಷ್ಯ ಒಂದು ಸೀಟಿನ ಮೇಲೆ ನೆಟ್ಟಗೆ ಹತ್ತು ನಿಮಿಷ ಕೂತಿದ್ದನ್ನು ನಾನು ಕಾಣೆ. ಕೂರುವ ಕೆಲಸಕ್ಕೆ ಅಲ್ಲಿ ಯಂತ್ರವಿತ್ತು. ಮನುಷ್ಯನ ಸೊಂಟದ ಆಕಾರದ, ಬಟ್ಟೆ ಸುತ್ತಿದ ಭಾರದ ದಿಮ್ಮಿಯೊಂದು ಬೆಳಗಿಂದ ಬೈಗಿನವರೆಗೆ ಸೀಟಿನ ಮೇಲೆ ಕೂತು ಏಳುತ್ತಿತ್ತು, ಕೂತು ಏಳುತ್ತಿತ್ತು. ಸಾವಿರಾರು ಸಲ ಕೂತಮೇಲೆ ಸ್ಪಂಜು ಎಷ್ಟು ಕುಸಿದಿದೆ ಎಂದು ಇವರು ಅಳೆದು ಬರೆಯುತ್ತಿದ್ದರು. "ನೋಡು, ನನ್ನ ಪಾಲಿಂದೂ ಇದ ಕುಂದ್ರತೈತಿ" ಎನ್ನುತ್ತಿದ್ದರು. ಊಟವನ್ನೂ ನಿಂತೇ ಮಾಡುತ್ತಿದ್ದರು, ಡಬ್ಬಿಯನ್ನು ಫೈಲಿಂಗ್ ಕ್ಯಾಬಿನೆಟ್ಟಿನ ಮೇಲಿಟ್ಟುಕೊಂಡು.

ಹೆಸರು ಇಲ್ಲಿ ಬೇಡ. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಅವರು ಚಾಚಾ. ಗದಗದವರು. ಅವರ ತಂದೆ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕುಶನ್ ಅಂಗಡಿ ಇಟ್ಟಿದ್ದರಂತೆ, ಬಸ್ಸು ಲಾರಿಗಳಿಗೆ ಸೀಟು ಹೊಲಿಯುವುದು. ಮಗ ಇಂಜಿನಿಯರ್ ಆಗಿ ಸಮುದ್ರ ದಾಟಿ ಬಂದು ಇಲ್ಲೂ ಸೀಟಿಗೇ ಗಂಟುಬಿದ್ದ ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಿದ್ದರು.

ನಾನು ಮೈಸೂರಿನವನು. ತೊಂಬತ್ತರ ದಶಕದ ಕೊನೆಯಲ್ಲಿ ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕಟ್ಟಿಕೊಂಡು ಫಾರ್ಮಿಂಗ್ಟನ್ ಹಿಲ್ಸಿನ ಅಪಾರ್ಟ್‌ಮೆಂಟಿಗೆ ಬಂದಿಳಿದೆ. ದಿನಾ ಡಿಯರ್‌ಬಾರ್ನಿನ ಆ ಲ್ಯಾಬಿಗೆ ಡ್ರೈವ್ ಮಾಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ ಅಷ್ಟೇ. ಮೊದಲ ದಿನ ಒಂದು ರಿಪೋರ್ಟ್ ಹಿಡಿದು, "ಸರ್, ಇದನ್ನ ಒಂಚೂರು ನೋಡ್ತೀರಾ?" ಎಂದೆ. ತಿರುಗಲಿಲ್ಲ. ಇನ್ನೊಂದು ಸಲ ಜೋರಾಗಿ ಕರೆದೆ.

"ಸರ್ ಅಂದ್ರ ನಾ ಹೊಳ್ಳಿ ನೋಡಂಗಿಲ್ಲ" ಎಂದರು, ಬೆನ್ನು ಕೊಟ್ಟೇ.

"ಮತ್ತೆ ಏನನ್ಬೇಕು?"

"ಎಲ್ಲಾರೂ ಚಾಚಾ ಅಂತಾರ. ನೀನೂ ಅನ್ನು. ಲೈಸೆನ್ಸ್ ಏನ್ ಬೇಕಾಗಿಲ್ಲ."

ನಮ್ಮವರಲ್ಲಿ ಒಂದು ಪದ್ಧತಿಯಿದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ನಾವು ಯಾರೂ "ನನಗೆ ಬೇಡ" ಎಂದು ಹೇಳುವುದಿಲ್ಲ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಕೂತು ಬೇಜಾರಾದರೆ ಮಗುವಿಗೆ ನಿದ್ದೆ ಬರುತ್ತದೆ. ಪಿಕ್ನಿಕ್ಕಿಗೆ ಹೋಗಲು ಮನಸ್ಸಿಲ್ಲದಿದ್ದರೆ ಹೆಂಡತಿಗೆ ತಲೆನೋವು. ಆಫೀಸಿಗೆ ರಜೆ ಹಾಕಬೇಕೆಂದರೆ ಎಂಟು ಸಾವಿರ ಮೈಲಿಯಾಚೆ ಇರುವ ಅಮ್ಮನಿಗೆ ಹುಷಾರು ತಪ್ಪುತ್ತದೆ. ಇದು ಸುಳ್ಳು ಎಂದು ಯಾರಿಗೂ ಅನ್ನಿಸುವುದಿಲ್ಲ, ಮರ್ಯಾದೆ ಎಂದೇ ಅನ್ನಿಸುತ್ತದೆ. ಚಾಚಾಗೆ ಮಾತ್ರ ಇದೊಂದು ದೊಡ್ಡ ತಮಾಷೆ. ಯಾರದೋ ಬೇಸ್‌ಮೆಂಟಿನಲ್ಲಿ ಪಾಟ್‌ಲಕ್ಕು ನಡೆಯುತ್ತಿರುವಾಗ ನಾನು ಜಾಕೆಟ್ಟಿಗೆ ಕೈಹಾಕಿದ್ದೇ ತಡ, ದೂರದಿಂದಲೇ ಕೂಗುತ್ತಿದ್ದರು: "ಏನೋ, ಮಗಳಿಗೆ ನಿದ್ದಿ ಬಂತೇನು?" ಮಗಳು ಅಲ್ಲೇ ಸೋಫಾದಿಂದ ಸೋಫಾಕ್ಕೆ ಹಾರುತ್ತಿರುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನು ಸಿಟ್ಟಿನಿಂದ ಮತ್ತೆ ಅರ್ಧ ಗಂಟೆ ಕೂರುತ್ತಿದ್ದೆ.

ಆ ಫೈಲಿಂಗ್ ಕ್ಯಾಬಿನೆಟ್ಟಿನ ಬಾಗಿಲಿಗೆ ಹಳೇ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿತ್ತು. ಆಲ್ಪ್ಸ್ ಪರ್ವತದ್ದೊಂದು ಶಿಖರ, ಬಿಳಿ, ಚೂಪು, ಹಿಂದೆ ನೀಲಿ ಆಕಾಶ. ಕೆಳಗೆ ಮಾರ್ಚ್ ತಿಂಗಳ ತಾರೀಕುಗಳು. ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಮಾರ್ಚೇ ನಡೆಯುತ್ತಿತ್ತು. ಚಪಾತಿ ತಿನ್ನುತ್ತಾ ಅದನ್ನೇ ನೋಡುತ್ತಿದ್ದರು. ಹದಿನಾಲ್ಕು ಸಾವಿರ ಅಡಿ. ಅದರ ತುದಿಯ ಮೇಲೆ ಒಂದು ಸಲ ನಿಲ್ಲಬೇಕು, ಅಷ್ಟೇ ಅವರಿಗೆ ಬೇಕಾಗಿದ್ದು. ಯಾಕೆ ಎಂದು ಕೇಳಿದೆ.

"ಅಪ್ಪಾ ಸೀಟ್ ಹೊಲದ, ನಾ ಸೀಟ್ ಅಳದೆ. ಕುಂದ್ರಾಕ ಜಾಗಾನ ಇಲ್ಲದ ಒಂದ್ ಕಡೆ ಹೋಗಿ ಬರ್ತೀನಿ."

ಅದಕ್ಕೊಂದು ವಾರದ ಪ್ಯಾಕೇಜ್ ಇತ್ತು. ಒಬ್ಬ ಗೈಡಿಗೆ ಇಬ್ಬರು ಹತ್ತುವವರು. ಪರ್ವತದ ಮೇಲೇ ಇರುವ ಹಟ್ ಎಂಬ ತಂಗುಮನೆಗಳಲ್ಲಿ ವಾಸ, ಚಿಕ್ಕ ಶಿಖರಗಳಿಂದ ಶುರುಮಾಡಿ ಶುಕ್ರವಾರ ಕೊನೆಗೆ ಈ ಮಾರ್ಚ್ ತಿಂಗಳಿನದು. ಅವರಿಗೆ ಆಗ ಐವತ್ತನಾಲ್ಕು. ಜೊತೆಗೆ ಬರಲು ಒಬ್ಬರು ಬೇಕಿತ್ತು. ಊರಲ್ಲಿದ್ದ ಕನ್ನಡದವರನ್ನೆಲ್ಲ ಕೇಳಿದರು, ಎಲ್ಲರ ಮಕ್ಕಳಿಗೂ ನಿದ್ದೆ ಬಂತು. ನನ್ನನ್ನು ಕೇಳಲೇ ಇಲ್ಲ. ಈ ಮೈಸೂರಿನವನ ಕೈಲಿ ಆಗೋದಿಲ್ಲ ಅಂದುಕೊಂಡರೇ ಎಂದು ಸಿಟ್ಟು ಬಂದು ನಾನೇ ಹೋಗಿ ಒಪ್ಪಿಕೊಂಡೆ. ನನ್ನ ಜೀವನದ ದೊಡ್ಡ ನಿರ್ಧಾರಗಳೆಲ್ಲ ಹೀಗೇ ಆದವು.

ಇನ್ನು ತಯಾರಿ. ಮಿಷಿಗನ್ನಿನ ನಮ್ಮ ಕಡೆ ನೆಲ ದೋಸೆ ಹಂಚಿನ ಹಾಗೆ. ಹತ್ತಲು ಒಂದು ದಿಬ್ಬವಿಲ್ಲ. ಚಾಚಾ ಹುಡುಕಿ ಹುಡುಕಿ ಆನ್ ಆರ್ಬರಿನ ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡ ಕಂಡುಹಿಡಿದರು. ಏಳು ಮಹಡಿ, ಮೂಲೆಯಲ್ಲಿ ಕಾಂಕ್ರೀಟಿನ ಮೆಟ್ಟಿಲು. ಪ್ರತಿ ಶನಿವಾರ ಬೆಳಿಗ್ಗೆ ಬೆನ್ನಿಗೆ ಒಂದೊಂದು ಚೀಲ, ಚೀಲದೊಳಗೆ ಗಡಸು ನೀರು ಮೆದು ಮಾಡುವ ಯಂತ್ರಕ್ಕೆ ಹಾಕುವ ನಲವತ್ತು ಪೌಂಡ್ ಉಪ್ಪು, ಕಾಲಿಗೆ ದಪ್ಪ ಬೂಟು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಹೆಂಡತಿಗೆ ಹೆರಿಗೆ ನೋವು ಎಂದು ಓಡಿ ಬಂದವರು ನಮ್ಮನ್ನು ನೋಡಿ ಒಂದು ಕ್ಷಣ ಗಾಬರಿ ಮರೆಯುತ್ತಿದ್ದರು. ಸೆಕ್ಯುರಿಟಿಯವನು ಒಂದು ದಿನ ಅಡ್ಡಹಾಕಿ, ಯಾವ ಪೇಷಂಟನ್ನು ನೋಡಲು ಬಂದಿದ್ದೀರಿ ಎಂದು ಕೇಳಿದ. ಚಾಚಾ ನನ್ನ ಕಡೆ ಬೆರಳು ತೋರಿಸಿದರು: "ಈತನ್ನ."

ಅವರು ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ನನಗೆ ಮೂರಾಗುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತು ಕಾಯುತ್ತಿದ್ದರು; ಕಾಯುವುದು ಎಂದರೆ ಅಲ್ಲೇ ಎರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಮೊದಲ ಮಹಡಿಗೆ ಬಂದಾಗ ಪ್ರತಿಸಲ ಒಂದೇ ಪ್ರಶ್ನೆ: "ಚೀಲಾ ಹಗರ ಮಾಡ್ಲೇನು?" ಹೂಂ ಎಂದು ನಾನು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೇನೋ.

ಜುಲೈ ತಿಂಗಳಲ್ಲಿ ಹೋದೆವು. ಗೈಡ್ ನಲವತ್ತರ ಆಸುಪಾಸಿನ ಹೆಂಗಸು, ಆ ಕಣಿವೆಯವಳೇ, ಮಾತು ಬಹಳ ಕಮ್ಮಿ. ಮೊದಲು ನಮ್ಮ ಚೀಲಗಳನ್ನು ನೆಲಕ್ಕೆ ಸುರಿಸಿ ನೋಡಿದಳು. ನನ್ನದರಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಎರಡು ಥರದ ಚಟ್ನಿಪುಡಿ, ಕೋಡುಬಳೆ ಬಂತು. ಹಟ್‌ನಲ್ಲಿ ಅಡುಗೆ ಮಾಡಿ ಬಡಿಸುತ್ತಾರೆ, ಇದನ್ನೆಲ್ಲ ಹೊತ್ತು ಹತ್ತುವವರು ಯಾರು ಎಂದು ಕೇಳಿದಳು. ನಾನು ಚಾಚಾ ಕಡೆ ನೋಡಿದೆ. "ಕೋಡಬಳಿ ಇಷ್ಟ ಇರಲಿ" ಎಂದು ಅವರು ಆ ಪೊಟ್ಟಣ ತಮ್ಮ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಅವಳು ಒಂದೇ ಒಂದು ನಿಯಮ ಹೇಳಿದಳು: ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರುತ್ತೇವೆ, ಒಬ್ಬರು ವಾಪಸ್ ಎಂದರೆ ಮೂವರೂ ವಾಪಸ್. ಅದಕ್ಕೆ ನಿಜ ಹೇಳಿ, ಬೇಗ ಹೇಳಿ.

ಮೊದಲೆರಡು ಶಿಖರ ಸಲೀಸಾಗಿ ಆದವು. ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಗಟ್ಟಿ ಹಿಮದ ಮೇಲೆ ನಡೆಯುವುದು ಅಭ್ಯಾಸವಾಯಿತು. ಹಟ್‌ನಲ್ಲಿ ಬೂಟು ಹೊರಗೆ ಬಿಟ್ಟು ಅವರೇ ಕೊಡುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು, ಸಾಲಾಗಿ ಹಾಸಿದ ಹಾಸಿಗೆಯಲ್ಲಿ ಗುರುತಿಲ್ಲದವರ ಪಕ್ಕ ಮಲಗಬೇಕು, ಬೆಳಗಾಗುವ ಮುಂಚೆ ಏಳಬೇಕು. ನಲ್ಲಿಯಲ್ಲಿ ನೀರಿಲ್ಲ. ಚಾಚಾ ಹೊರಗೆ ಹೋಗಿ ಒಣಗಿದ ಬಂಡೆಗೆ ಅಂಗೈ ಒತ್ತಿ ಮುಖ, ಕೈ ಸವರಿಕೊಂಡು ನಮಾಜಿಗೆ ನಿಲ್ಲುತ್ತಿದ್ದರು. ನೀರು ಸಿಗದ ಕಡೆ ಹಾಗೆ ಮಾಡಬಹುದಂತೆ. ಮೆಕ್ಕಾ ಯಾವ ದಿಕ್ಕು ಎಂದು ಗೈಡ್ ಮ್ಯಾಪು, ಕಂಪಾಸು ಹಿಡಿದು ತೋರಿಸಿಕೊಟ್ಟಳು.

ಗುರುವಾರ ಮೋಡ ಕವಿದು ಹಟ್‌ನಲ್ಲೇ ಉಳಿದೆವು. ಬೇರೆಯವರೆಲ್ಲ ಇಸ್ಪೀಟು ಆಡುತ್ತಾ ಕೂತರು. ಚಾಚಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಊಟದ ಕೋಣೆಯ ಹಲಗೆ ನೆಲ ಕಿರ್ರೆನ್ನುತ್ತಿತ್ತು. ಹಟ್ ನೋಡಿಕೊಳ್ಳುವಾತ ನೋಡುವಷ್ಟು ನೋಡಿ ಕೈಗೊಂದು ಸಲಿಕೆ ಕೊಟ್ಟ. ಎರಡು ತಾಸಿನಲ್ಲಿ ಅಂಗಳದ ಹಿಮವೆಲ್ಲ ಬದಿಗಾಗಿತ್ತು. ನಾನು ಕಂಬಳಿ ಹೊದ್ದು ಕೂತಿದ್ದೆ. ಮೋಡ ಹಾಗೇ ಇರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಸಂಜೆಗೆ ಮೋಡ ಸರಿದು ಮಾರ್ಚ್ ತಿಂಗಳು ಕಿಟಕಿಯಲ್ಲಿ ಬಂದು ನಿಂತಿತು. ಚಾಚಾ ಉಸಿರು ಬಿಡದೆ ನೋಡಿದರು. "ಕ್ಯಾಲೆಂಡರ್‌ನಾಗ ಸಣ್ಣದ ಕಾಣತಿತ್ತಲ್ಲೋ" ಎಂದರು.

ಶುಕ್ರವಾರ ಹಿಮನದಿ ದಾಟಿ ಕತ್ತಿಯ ಅಲಗಿನಂಥ ಪರ್ವತದ ಬೆನ್ನಿಗೆ ಬಂದೆವು. ಗೈಡ್ ಮುಂದೆ, ನಡುವೆ ಚಾಚಾ, ಹಿಂದೆ ನಾನು. ಎರಡು ಪಾದ ಜೋಡಿಸಿ ನಿಲ್ಲುವಷ್ಟು ದಾರಿ, ಎರಡೂ ಕಡೆ ಕೆಳಗೆ ಏನೂ ಇಲ್ಲ. ಬಿಸಿಲಿತ್ತು, ಗಾಳಿಯೂ ಅಂಥದ್ದೇನಿಲ್ಲ. ಸ್ವಲ್ಪ ಅಗಲವಾದ ಒಂದು ಜಾಗದಲ್ಲಿ ಗೈಡ್ ನಿಲ್ಲಿಸಿ ನೀರು ಕುಡಿಯಲು ಹೇಳಿದಳು. ಇನ್ನೊಂದು ಗಂಟೆ, ಅಷ್ಟೇ. ತುದಿ ಅಲ್ಲೇ ಕಾಣುತ್ತಿತ್ತು. ಚಾಚಾ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು, ಕುಣಿಯುವವರ ಹಾಗೆ.

ನನ್ನ ಕಾಲು ನಡುಗುತ್ತಿತ್ತು. ಮಗಳ ಮುಖ ನೆನಪಾಯಿತು ಎಂದು ಹೇಳಿದರೆ ಗೌರವವಾಗಿ ಕೇಳುತ್ತದೆ. ಅಂಥದ್ದೇನೂ ನೆನಪಾಗಲಿಲ್ಲ. ಹೆದರಿಕೆಯಾಯಿತು, ಅಷ್ಟೇ. ಇನ್ನೊಂದು ಹೆಜ್ಜೆ ಮುಂದಿಡಲಾರೆ ಎಂದು ಗೊತ್ತಾಯಿತು. ಎಲ್ಲರೂ ಸರಿಯಿದ್ದೀರಾ ಎಂದು ಗೈಡ್ ಕೇಳಿದಳು. ಚಾಚಾ ಹೆಬ್ಬೆರಳು ಎತ್ತಿದರು. ನಾನು ಬಾಯಿ ತೆರೆದೆ. ಬಂದ ಮಾತು ಇದು: "ನಂಗೇನೂ ಇಲ್ಲ. ಆದ್ರೆ ಅವರಿಗೆ ಸುಸ್ತಾಗಿದೆ ಅನ್ಸುತ್ತೆ. ವಯಸ್ಸಾಗಿದೆ ನೋಡಿ. ಅವರಾಗಿ ಹೇಳಲ್ಲ, ನನಗೆ ಅದೇ ಚಿಂತೆ."

ಇಂಗ್ಲಿಷಿನಲ್ಲಿ ಹೇಳಿದ್ದು. ಹದಿನೈದು ಅಡಿ ಹಗ್ಗದ ಆಚೆ ನಿಂತಿದ್ದ ಚಾಚಾಗೆ ಪ್ರತಿಯೊಂದು ಮಾತೂ ಕೇಳಿಸಿತು.

ಅವರು ಹೆಜ್ಜೆ ಹಾಕುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ ನೋಡಿದರು. ಕಣ್ಣಿಗೆ ಕಪ್ಪು ಗಾಜಿತ್ತು, ಅದರಲ್ಲಿ ನಾನೇ ಕಂಡೆ. ನಿಜವೇ ಎಂದು ಗೈಡ್ ಅವರನ್ನು ಕೇಳಿದಳು. ತುದಿಯನ್ನು ಒಂದು ಸಲ ನೋಡಿದರು. ಆಮೇಲೆ ಬಗ್ಗಿ ಎಡ ಮಂಡಿಯನ್ನು ತಟ್ಟಿದರು. ಮಂಡಿ ಹಿಡಿದುಕೊಂಡಿದೆ, ಎಡಗಡೆಯದು, ಬೆಳಿಗ್ಗೆಯೇ ಹೇಳಬೇಕಿತ್ತು, ಕ್ಷಮಿಸಬೇಕು ಎಂದರು.

ಗೈಡ್ ಅವರ ಮಂಡಿ ನೋಡಲಿಲ್ಲ. ನನ್ನ ಕಾಲು ನೋಡಿದಳು. ಸರಿ, ಇಳಿಯೋಣ ಎಂದಳು. ಇಳಿಯುವಾಗ ಗೈಡ್ ಕೊನೆಯಲ್ಲಿ ಇರುತ್ತಾಳೆ, ಕಾಲು ಜಾರುವ ಭಯ ಯಾರಿಗಿದೆಯೋ ಅವರನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತಾಳೆ. ನನ್ನನ್ನು ಹತ್ತಿರ ಇಟ್ಟುಕೊಂಡಳು. ಮಂಡಿ ನೋವಿನವರನ್ನು ಎಲ್ಲರಿಗಿಂತ ಮುಂದೆ ಬಿಟ್ಟಳು, ದಾರಿ ನೋಡಲು. ಅವರು ಆಡಿನ ಹಾಗೆ ಇಳಿದರು. ನಾನು ನೋಡುತ್ತಿದ್ದೇನೆ ಅನ್ನಿಸಿದಾಗ ಮಾತ್ರ ನೆನಪಿಸಿಕೊಂಡು ಎರಡು ಹೆಜ್ಜೆ ಕುಂಟುತ್ತಿದ್ದರು.

ಹಟ್‌ಗೆ ಬಂದಮೇಲೆ ಕೋಡುಬಳೆ ಪೊಟ್ಟಣ ಬಿಚ್ಚಿ ಮೊದಲು ನನಗೇ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನೂ ಸಿಟ್ಟಾಗಿ ಏನಾದರೂ ಒದರಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡದ ಅವರ ಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ದಿನ ನನಗೆ ಸಿಟ್ಟಿತ್ತು.

ವಾಪಸ್ ಬಂದಮೇಲೆ ಅವರದೇ ಬಾಯಲ್ಲಿ ಕಥೆ ಊರು ಸುತ್ತಿತು. ಪ್ರತಿ ಪಾಟ್‌ಲಕ್ಕಿನಲ್ಲಿ ಯಾರಾದರೂ ಕೇಳುತ್ತಿದ್ದರು, ಇವರು ಪ್ಲೇಟು ಹಿಡಿದು ನಿಂತು ಹೇಳುತ್ತಿದ್ದರು: "ಒಂದ ತಾಸಿತ್ತು ನೋಡ್ರಿ. ಈ ಹಾಳಾದ ಮೊಣಕಾಲ ಕೈ ಕೊಡ್ತು. ಪಾಪ, ನನ್ನ ಸಲವಾಗಿ ಈತಾನೂ ಇಳದ ಬಂದ." ಎಲ್ಲರೂ ನನ್ನ ಕಡೆ ಅಯ್ಯೋ ಎನ್ನುವ ಹಾಗೆ ನೋಡುತ್ತಿದ್ದರು. ನಾನು ಅನ್ನ ಬಿಸಿ ಮಾಡಿಕೊಂಡು ಬರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಇನ್ನೊಂದನ್ನು ಗಮನಿಸಿದೆ. ನಾನು ಜಾಕೆಟ್ಟಿಗೆ ಕೈಹಾಕಿದರೆ ಮಗಳಿಗೆ ನಿದ್ದೆ ಬಂತೇ ಎಂದು ಅವರು ಮತ್ತೆ ಕೇಳಲಿಲ್ಲ. ಒಂದು ಸಲವೂ ಇಲ್ಲ. ಆ ತಮಾಷೆಯನ್ನೇ ಬಿಟ್ಟುಬಿಟ್ಟರು.

ಮುಂದಿನ ವರ್ಷ ಮತ್ತೆ ಹೋಗೋಣ ಎಂದೆ. ನೋಡೂಣು ಎಂದರು. ಮುಂದಿನ ವರ್ಷ ಸೆಪ್ಟೆಂಬರ್ ಬಂತು, ನ್ಯೂಯಾರ್ಕಿನ ಕಟ್ಟಡಗಳು ಬಿದ್ದವು. ಗಡ್ಡದ ಮನುಷ್ಯ ಬೆನ್ನಿಗೆ ಭಾರದ ಚೀಲ ಹಾಕಿಕೊಂಡು ಬಡಾವಣೆ ಸುತ್ತುತ್ತಾನೆಂದು ಯಾರೋ ಫೋನ್ ಮಾಡಿ, ಪೊಲೀಸರು ಬಂದು ಚೀಲ ಬಿಚ್ಚಿಸಿದರು. "ಉಪ್ಪು ಅಂದೆ, ನೆಕ್ಕಿ ನೋಡ್ರಿ ಅಂದೆ" ಎಂದು ಲ್ಯಾಬಿನಲ್ಲಿ ನಗುತ್ತಾ ಹೇಳಿದರು. ಆಮೇಲೆ ಚೀಲ ಹಾಕಿಕೊಳ್ಳಲಿಲ್ಲ. ಕಂಪನಿಯಲ್ಲಿ ಜನರನ್ನು ಮನೆಗೆ ಕಳಿಸುವ ಕಾಲ ಬಂದಾಗ ಅವರಿಗೂ ಮುಂಚಿತ ನಿವೃತ್ತಿ ಕೊಟ್ಟರು. ಒಂದೇ ಡಬ್ಬದಲ್ಲಿ ಸಾಮಾನು ತುಂಬಿಕೊಂಡು ಹೋದರು. ಕ್ಯಾಲೆಂಡರಿನ ಹಾಳೆ ಮಾತ್ರ ಬಿಟ್ಟುಹೋದರು. ಅದನ್ನು ತೆಗೆಯಲೂ ಆಗದೆ, ನೋಡಲೂ ಆಗದೆ ನಾನು ಊಟದ ಜಾಗ ಬದಲಾಯಿಸಿದೆ.

ಹೇಳಿಬಿಡಬೇಕು ಎಂದು ಎಷ್ಟು ಸಲ ಹೊರಟೆನೋ. ಒಮ್ಮೆ ಹೈವೇಯಲ್ಲಿ ಇಬ್ಬರೇ ಇದ್ದಾಗ, "ಚಾಚಾ, ಅವತ್ತು ಬೆಟ್ಟದ ಮೇಲೆ..." ಎಂದು ಶುರುಮಾಡಿದೆ. "ಎಕ್ಸಿಟ್ ಬಂತು, ಹೊಳ್ಳಸು" ಎಂದರು. ಎಕ್ಸಿಟ್ ಇನ್ನೂ ಎರಡು ಮೈಲಿ ಇತ್ತು.

ಹೋದ ನವೆಂಬರಿನಲ್ಲಿ ಹೃದಯದ ತೊಂದರೆಯಾಗಿ ಅದೇ ಆನ್ ಆರ್ಬರ್ ಆಸ್ಪತ್ರೆಗೆ ಸೇರಿಸಿದರು. ಅದೇ ಪಾರ್ಕಿಂಗ್ ಕಟ್ಟಡ. ಕಾರನ್ನು ಏಳನೇ ಮಹಡಿಯಲ್ಲಿ ನಿಲ್ಲಿಸಿ ಮೆಟ್ಟಿಲಲ್ಲಿ ಇಳಿದೆ, ಮನಸ್ಸು ತಡೆಯದೆ ಮತ್ತೆ ಹತ್ತಿದೆ, ಮತ್ತೆ ಇಳಿದೆ. ಇವತ್ತು ಹೇಳಲೇಬೇಕು ಎಂದುಕೊಂಡೆ. ಅವರು ಮಲಗಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಹೊದಿಕೆಯ ಕೆಳಗೆ ಪಾದ ಮಾತ್ರ ಆಡುತ್ತಿತ್ತು.

"ಮೆಟ್ಟಲಾ ಹತ್ತಿ ಬಂದಿ?" ಎಂದರು, ನಾನು ಏದುಸಿರು ಬಿಡುತ್ತಿದ್ದುದನ್ನು ನೋಡಿ.

"ಹ್ಞೂಂ ಚಾಚಾ."

"ಚೀಲಾ?"

"ತಂದಿಲ್ಲ."

"ಹಗರ ಆತಲ್ಲ ಮತ್ತ."

ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿದೆ. "ಚಾಚಾ, ಹೊರಡ್ತೀನಿ. ಮಗಳನ್ನ ಸ್ವಿಮ್ಮಿಂಗ್‌ನಿಂದ ಪಿಕಪ್ ಮಾಡ್ಬೇಕು" ಎಂದೆ. ಅವತ್ತು ಸ್ವಿಮ್ಮಿಂಗ್ ಇರಲಿಲ್ಲ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಈ ಸಲ ಕಪ್ಪು ಗಾಜಿರಲಿಲ್ಲ. "ಹೋಗು" ಎಂದರು. "ನಿದ್ದಿ ಬಂದಿರಬೇಕು ಆಕಿಗೆ."

ಎಂಟು ವರ್ಷಗಳ ಮೇಲೆ ಆ ಮಾತು ಅವರ ಬಾಯಲ್ಲಿ ಬಂತು. ನಾನು ಕೇಳಿದ ಅವರ ಕೊನೆಯ ಮಾತೂ ಅದೇ. ಮೂರನೇ ದಿನ ತೀರಿಕೊಂಡರು.

ಮಣ್ಣಾದ ಮರುದಿನ ಅವರ ಮನೆಗೆ ಹೋದೆ. ಬಂದ ಜನ ಒಬ್ಬೊಬ್ಬರಾಗಿ ಹೋದರು, ಹಾಲ್‌ನಲ್ಲಿ ಚಾಚಿ ಮತ್ತು ನಾನು ಉಳಿದೆವು. ಚಾಚಾ ಅವರ ಹೆಂಡತಿಯನ್ನು ನಾವೆಲ್ಲ ಕರೆಯುವುದು ಹಾಗೆ. ಅವರೇ ಮಾತು ತೆಗೆದರು. "ಆ ಗುಡ್ಡದ ಮ್ಯಾಲ ಒಂದ್ ತಾಸ ಹೋಗಿದ್ರ ಆಗತಿತ್ತು. ಆ ಮೊಣಕಾಲ ಕೆಡಿಸ್ತು. ಸಾಯೂತನಾ ಅದರದ ನೆನಪಿತ್ತು ಅವರಿಗೆ."

"ಚಾಚಿ, ಅವರ ಮಂಡಿಗೆ ಏನೂ ಆಗಿರ್ಲಿಲ್ಲ" ಎಂದೆ. "ಹೆದರಿದ್ದು ನಾನು. ಅವರಿಗೆ ಸುಸ್ತಾಗಿದೆ ಅಂತ ಗೈಡ್ ಹತ್ರ ಹೇಳ್ಬಿಟ್ಟೆ. ನನ್ನ ಮಾತು ಸುಳ್ಳಾಗಬಾರದು ಅಂತ ಅವರು ಮಂಡಿ ನೋವು ಅಂದ್ರು. ಅವರು ಆರಾಮಾಗಿ ಹತ್ತಿಬಿಡ್ತಿದ್ರು. ನಾನೇ ತಪ್ಪಿಸಿದ್ದು."

ಹೇಳಿದ ಮೇಲೆ ಅಳು ಬಂತು. ಚಾಚಿ ಅಳಲಿಲ್ಲ. ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು.

"ಎರಡ ವರ್ಷ ಎಣ್ಣಿ ಕಾಸಿ ಹಚ್ಚೀನಿ ನಾ ಆ ಮೊಣಕಾಲಿಗೆ" ಎಂದರು. "ದಿನಾ ಸಂಜಿಕಿ. ನನಗೂ ಹೇಳಲಿಲ್ಲ ನೋಡು ಆ ಮನಷಾ."

ಲೋಟವನ್ನು ಒಂಚೂರು ಆಚೆ ಸರಿಸಿದರು.

"ಅಲ್ಲಿ ಯಾವ ಮೊಣಕಾಲ ಅಂದಿದ್ರು?"

"ಎಡಗಡೆದು."

ಚಾಚಿ ಎಣ್ಣೆ ಹಚ್ಚುವವರ ಹಾಗೆ ಗಾಳಿಯಲ್ಲಿ ಕೈ ಆಡಿಸಿ ನೋಡಿದರು. "ನಾ ಹಚ್ಚಿದ್ದು ಬಲಗಡೆದಕ್ಕ" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು, ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಆಮೇಲೆ ಅಳುವೂ ಬಂತು.

ಕಣ್ಣೊರೆಸಿಕೊಂಡು ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು. "ಅಲ್ಲಿ ಕುಂದ್ರತಿದ್ರು, ಅರ್ಧಾ ತಾಸು. ಮೂವತ್ತ ವರ್ಷದ ಸಂಸಾರದಾಗ ನನ್ನ ಮುಂದ ಕುಂತು ಮಾತಾಡಿದ್ದಂದ್ರ ಆ ಎರಡ ವರ್ಷ ಅಷ್ಟ."

ನಾನು ಎದ್ದು ನಿಂತೆ, ಜಾಕೆಟ್ಟು ಕೈಗೆ ತೆಗೆದುಕೊಂಡೆ. ಮಗಳು ಕಾಯುತ್ತಿದ್ದಾಳೆ ಎನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು.

"ಹೊಂಟೇನು?" ಎಂದರು ಚಾಚಿ.

"ಹೋಗ್ಬೇಕು ಅನ್ನಿಸ್ತಿದೆ ಚಾಚಿ" ಎಂದೆ. "ನನಗೇ."

"ಕುಂದ್ರು" ಎಂದರು. ಜಾಕೆಟ್ಟು ಕೆಳಗಿಟ್ಟು ಕೂತೆ.